ಭೋಸರಿಯ ಪೇಂಟ್ ಶೆಡ್: ಗೋಡೆಯ ಅಳತೆ, ಕಾಲರಿನ ಅಳತೆ, ಅಟ್ಟದ ಅಳತೆ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಕಬ್ಬಿಣದ ಬಿಡಿಭಾಗಗಳನ್ನು ಬಣ್ಣ ಹೊಡೆದು ಕೊಡುವ ಸಣ್ಣ ಶೆಡ್‌ಗಳಿವೆ. ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದ ಕನ್ನಡಿಗರು ಇಂಥ ಶೆಡ್‌ಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ಇಲ್ಲಿ ವಿವರಿಸುವುದು ಅಂಥ ಒಂದು ಶೆಡ್‌ನ ಪ್ರಕರಣವನ್ನು. ಯಾರ ಗುರುತೂ ಸಿಗಬಾರದೆಂದು, ಒಂದೇ ಬಗೆಯ ಕೆಲಸದ ಜಾಗಗಳಲ್ಲಿ ಕಂಡುಬರುವ ಸಂಗತಿಗಳನ್ನು ಒಂದೇ ಸೂರಿನಡಿ ಕೂಡಿಸಿ ಬರೆದಿದ್ದೇನೆ. ಶೆಡ್‌ನ ಅಳತೆಯ ಅಂಕಿಗಳನ್ನು ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಲು ಇಟ್ಟಿದ್ದೇನೆ. ಕಾನೂನಿನ ಮಿತಿಗಳು, ಮಾದರಿ ಸಂಗ್ರಹದ ವಿಧಾನಗಳು, ರಾಸಾಯನಿಕಗಳ ಗುಣಗಳು ಇದ್ದದ್ದು ಇದ್ದಂತೆಯೇ ಇವೆ.

ಶೆಡ್‌ನಲ್ಲಿ ಒಂಬತ್ತು ಜನ ಕೆಲಸಗಾರರು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಒಂದೇ ಪಾಳಿ, ಗುರುವಾರ ವಾರದ ರಜೆ. ಕಟ್ಟಡ ನಿರ್ಮಾಣದ ಯಂತ್ರಗಳಿಗೆ ಹೋಗುವ ಚೌಕಟ್ಟುಗಳನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಪ್ರೈಮರ್ ಹೊಡೆದು, ಉಜ್ಜುಕಾಗದದಿಂದ ತಿಕ್ಕಿ, ಮೇಲೆ ಹಳದಿ ಎನಾಮಲ್ ಸ್ಪ್ರೇ ಮಾಡಿ, ಕೊಕ್ಕೆಗಳಿಗೆ ತೂಗುಹಾಕಿ ರಾತ್ರಿಯಿಡೀ ಒಣಗಿಸುವುದು ಅಲ್ಲಿನ ಕೆಲಸ. ಒಣಗಿಸುವ ಜಾಗದ ನೇರ ಮೇಲೆ ಕಬ್ಬಿಣದ ಕೋನಪಟ್ಟಿ ಮತ್ತು ಪ್ಲೈವುಡ್‌ನಿಂದ ಮಾಡಿದ ಅಟ್ಟವಿದೆ. ನಾಲ್ವರು ಅಲ್ಲೇ ಅಡುಗೆ ಮಾಡಿಕೊಂಡು ಅಲ್ಲೇ ಮಲಗುತ್ತಾರೆ. ಕೋಣೆಯ ಬಾಡಿಗೆ ಉಳಿದರೆ ಊರಿಗೆ ಕಳಿಸುವ ಹಣ ಅಷ್ಟು ಹೆಚ್ಚುತ್ತದೆ. ಮಾಲೀಕನಿಗೆ ರಾತ್ರಿ ಕಾವಲೂ ಸಿಗುತ್ತದೆ.

ಪ್ರಕರಣ ಆರಂಭವಾದದ್ದು ಹಿರಿಯ ಪೇಂಟರ್‌ನ ದೂರಿನಿಂದ. ಇಂಡಿ ತಾಲೂಕಿನ ಈತ ಬಹಳ ವರ್ಷಗಳಿಂದ ಸ್ಪ್ರೇ ಗನ್ ಹಿಡಿದವನು. ತಲೆನೋವು, ಹೊಟ್ಟೆ ಹಿಂಡಿದಂತಾಗುವುದು, ಮಲಬದ್ಧತೆ, ಮುಂಗೈಯಲ್ಲಿ ಬಲವಿಲ್ಲದಿರುವುದು ಅವನ ತೊಂದರೆಗಳು. ಹತ್ತಿರದ ದವಾಖಾನೆಯಲ್ಲಿ ಆಮ್ಲಪಿತ್ತದ ಮಾತ್ರೆ ಕೊಟ್ಟಿದ್ದರು. ವಿಚಾರಿಸಿದಾಗ ಅವನು ಹೇಳಿದ ಎರಡು ಮಾತುಗಳು ನನಗೆ ಯಾವ ಪರೀಕ್ಷಾ ವರದಿಗಿಂತಲೂ ಮುಖ್ಯವಾಗಿ ಕಂಡವು. ಒಂದು: "ಥಿನ್ನರ್ ವಾಸನಿ ಮೊದಲ ಭಾಳ ಬರ್ತಿತ್ರಿ, ಈಗ ಬರೂದ ಇಲ್ರಿ." ಇನ್ನೊಂದು: "ಊರಿಗೆ ಹೋಗಿ ಎಂಟ್ ದಿನ ಇದ್ರ ತೆಲಿ ಹಗೂರ ಆಗ್ತೈತ್ರಿ ಸಾಹೇಬ್ರ. ಇಲ್ಲಿ ಗುರುವಾರ ಸೂಟಿ ಇದ್ರೂ ಹಂಗ ಇರ್ತೈತಿ." ಥಿನ್ನರ್‌ನಲ್ಲಿರುವ ಟಾಲ್ವಿನ್‌ನಂಥ ದ್ರಾವಕಗಳ ವಾಸನೆಗೆ ಮೂಗು ಬೇಗ ಒಗ್ಗಿಬಿಡುತ್ತದೆ, ಆದ್ದರಿಂದ ವಾಸನೆ ಬಾರದಿರುವುದು ಗಾಳಿ ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಎರಡನೆಯ ಮಾತು ಇನ್ನೂ ಮಹತ್ವದ್ದು. ದ್ರಾವಕದ ಆವಿಯಿಂದ ಬಂದ ತಲೆನೋವು ಸಾಮಾನ್ಯವಾಗಿ ರಜೆಯ ದಿನ ಇಳಿಯಬೇಕು. ಇಳಿಯುತ್ತಿಲ್ಲವೆಂದರೆ ಕಾರಣ ಬೇರೆಯಿರಬೇಕು, ಇಲ್ಲವೇ ರಜೆಯ ದಿನವೂ ಮನುಷ್ಯ ಅದೇ ಗಾಳಿಯಲ್ಲಿರಬೇಕು. ಇಲ್ಲಿ ಎರಡೂ ನಿಜವಾಗಿದ್ದವು.

ಗೋಡೆಯ ವರದಿ

ಮಾಲೀಕನ ಬಳಿ ಗಾಳಿಯ ಗುಣಮಟ್ಟದ ವರದಿ ಆಗಲೇ ಇತ್ತು. ಕೆಲಸ ಕೊಡುವ ದೊಡ್ಡ ಕಂಪನಿ ವರ್ಷಕ್ಕೊಮ್ಮೆ ಇಂಥ ವರದಿ ಕೇಳುತ್ತದೆ. ಒಂದು ಖಾಸಗಿ ಪ್ರಯೋಗಾಲಯದವರು ಬಂದು ಅಳೆದು ಹೋಗುತ್ತಾರೆ. ಅದರಂತೆ ಶೆಡ್‌ನ ಗಾಳಿಯಲ್ಲಿ ಟಾಲ್ವಿನ್ 14 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 14 ಪಾಲು), ಇನ್ನೊಂದು ದ್ರಾವಕವಾದ ಕ್ಸೈಲೀನ್ 9 ಪಿಪಿಎಂ, ಸೀಸ ಘನಮೀಟರಿಗೆ 0.02 ಮಿಲಿಗ್ರಾಂ. ಕಾರ್ಖಾನೆ ಕಾಯ್ದೆ 1948ಕ್ಕೆ, ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ ಸೇರಿದ 41-ಎಫ್ ಕಲಮು ಕೆಲಸದ ಜಾಗದ ಗಾಳಿಗೆ ಮಿತಿ ಹಾಕಿತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಎಂಟು ತಾಸಿನ ಸರಾಸರಿಯಾಗಿ ಟಾಲ್ವಿನ್‌ಗೆ 100 ಪಿಪಿಎಂ, ಕ್ಸೈಲೀನ್‌ಗೆ 100 ಪಿಪಿಎಂ, ಸೀಸದ ಧೂಳು ಮತ್ತು ಹೊಗೆಗೆ ಘನಮೀಟರಿಗೆ 0.15 ಮಿಲಿಗ್ರಾಂ ಎಂದಿತ್ತು. ಹೀಗಾಗಿ ವರದಿಯ ಕೊನೆಯ ಸಾಲಿನಲ್ಲಿ ಎಲ್ಲವೂ ಮಿತಿಯೊಳಗಿದೆ ಎಂದು ಬರೆದಿತ್ತು.

ಆ ವರದಿಯಲ್ಲಿ ಸುಳ್ಳು ಇರಲಿಲ್ಲ. ಉಪಕರಣವನ್ನು ಎಲ್ಲಿ ಇಟ್ಟಿದ್ದರು ಎಂದು ಕೇಳಿದಾಗ ಸೂಪರ್‌ವೈಸರ್ ಬಾಗಿಲ ಪಕ್ಕದ ಗೋಡೆಯನ್ನು ತೋರಿಸಿದ. ಪ್ಲಗ್ ಪಾಯಿಂಟ್ ಇದ್ದದ್ದು ಅಲ್ಲಿ. ಸ್ಪ್ರೇ ಮಾಡುವ ಜಾಗ ಅಲ್ಲಿಂದ ನಾಲ್ಕು ಮಾರಿನಷ್ಟು ಒಳಗೆ, ಮೂಲೆಯಲ್ಲಿದೆ. ಬಾಗಿಲಿಂದ ಬರುವ ಹೊರಗಾಳಿ ಗೋಡೆಗುಂಟ ಸುಳಿದು ಹೋಗುತ್ತದೆ. ಪೇಂಟರ್‌ನ ಬೆನ್ನ ಹಿಂದೆ ಒಂದು ಪೆಡೆಸ್ಟಲ್ ಫ್ಯಾನ್ ಇತ್ತು. ಬೇಸಿಗೆಯ ಸೆಕೆಗೆಂದು ಇಟ್ಟ ಆ ಫ್ಯಾನು ಗಾಳಿಯನ್ನು ಅವನ ಮೈ ಮೇಲಿಂದ ಚೌಕಟ್ಟಿನ ಕಡೆಗೆ ತಳ್ಳುತ್ತಿತ್ತು. ಇದು ಒಳ್ಳೆಯದೆಂದು ನೋಡಿದವರಿಗೆಲ್ಲ ಅನಿಸುತ್ತದೆ. ಆದರೆ ಬೆನ್ನಿಗೆ ಬಡಿದ ಗಾಳಿ ದೇಹದ ಎರಡೂ ಪಕ್ಕದಿಂದ ಹಾಯ್ದು ಎದೆಯ ಮುಂದೆ ಸುಳಿ ಕಟ್ಟುತ್ತದೆ, ಗನ್‌ನಿಂದ ಹೊರಟ ಮಂಜು ಆ ಸುಳಿಯಲ್ಲಿ ಸಿಕ್ಕಿ ಮೂಗಿನ ಬಳಿಯೇ ನಿಲ್ಲುತ್ತದೆ.

ಜಾಗದ ಅಳತೆಗೂ ಮನುಷ್ಯನ ಒಡ್ಡಿಕೆಯ (ಅವನ ಮೈಗೆ ನಿಜಕ್ಕೂ ತಾಗುವುದರ) ಅಳತೆಗೂ ಇರುವ ಈ ಅಂತರವೇ ಪ್ರಕರಣದ ತಿರುಳು. ಗೋಡೆಗೆ ತೂಗುಹಾಕಿದ ಉಪಕರಣ ಗೋಡೆಯ ಬಳಿಯ ಗಾಳಿಯನ್ನು ಹೇಳುತ್ತದೆ. ಸೋರಿಕೆ ಪತ್ತೆಗೆ, ಫ್ಯಾನು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅದು ಬೇಕು. ಕೆಲಸಗಾರ ಏನನ್ನು ಉಸಿರಾಡಿದ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

ಕಾಲರಿನ ಬಳಿ

ಮೇ ತಿಂಗಳಲ್ಲಿ ಹೊಸದಾಗಿ ಅಳತೆ ನಡೆಯಿತು. ಸೊಂಟಕ್ಕೆ ಕಟ್ಟುವ ಸಣ್ಣ ಬ್ಯಾಟರಿ ಪಂಪಿನಿಂದ ರಬ್ಬರ್ ಕೊಳವೆ ಬೆನ್ನ ಮೇಲಿಂದ ಹಾಯ್ದು ಅಂಗಿಯ ಕಾಲರಿಗೆ ಬರುತ್ತದೆ. ಮೂಗು ಬಾಯಿಗಳಿಂದ ಸುಮಾರು 30 ಸೆಂಟಿಮೀಟರ್ ಒಳಗಿನ ಗಾಳಿಯನ್ನೇ ಅದು ಹೀರಬೇಕು. ದ್ರಾವಕಕ್ಕೆ ತೆಂಗಿನ ಚಿಪ್ಪಿನ ಇದ್ದಿಲು ತುಂಬಿದ ಗಾಜಿನ ನಳಿಕೆ, ಮಿನಿಟಿಗೆ 50 ಮಿಲಿಲೀಟರ್ ಗಾಳಿ. ಸೀಸಕ್ಕೆ 37 ಮಿಲಿಮೀಟರ್ ಫಿಲ್ಟರ್ ಕ್ಯಾಸೆಟ್, ಮಿನಿಟಿಗೆ 2 ಲೀಟರ್. ಹಳದಿ ಬಣ್ಣದಲ್ಲಿರಬಹುದಾದ ಕ್ರೋಮಿಯಂಗೆ ಪ್ರತ್ಯೇಕವಾಗಿ ಪಿವಿಸಿ ಫಿಲ್ಟರ್. ಯಾಕೆಂದರೆ ಸೀಸಕ್ಕೆ ಬಳಸುವ ಸೆಲ್ಯುಲೋಸ್ ಫಿಲ್ಟರ್ ಮೇಲೆ ಆರು ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿದು, ಅಪಾಯಕಾರಿ ರೂಪ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು.

ಪಂಪಿನ ಹರಿವನ್ನು ಆರಂಭದಲ್ಲೂ ಕೊನೆಯಲ್ಲೂ ನಳಿಕೆ ಜೋಡಿಸಿಯೇ ಅಳೆಯಬೇಕು. ಎರಡರ ನಡುವೆ ಶೇ 5ಕ್ಕಿಂತ ಹೆಚ್ಚು ಅಂತರ ಬಂದರೆ ಆ ಮಾದರಿಯನ್ನು ನಂಬಬಾರದು. ಇದ್ದಿಲಿನ ನಳಿಕೆಯಲ್ಲಿ ಎರಡು ಭಾಗಗಳಿವೆ, ಮುಂದಿನದು 100 ಮಿಲಿಗ್ರಾಂ, ಹಿಂದಿನದು 50. ಮುಂದಿನ ಭಾಗದಲ್ಲಿ ಸಿಕ್ಕಿದ್ದರ ಹತ್ತನೇ ಒಂದಕ್ಕಿಂತ ಹೆಚ್ಚು ಹಿಂದಿನ ಭಾಗದಲ್ಲಿ ಕಂಡರೆ ಇದ್ದಿಲು ತುಂಬಿ ಆವಿ ಮುಂದಕ್ಕೆ ಹಾಯ್ದಿದೆ ಎಂದರ್ಥ, ಅಂದರೆ ನಿಜವಾದ ಪ್ರಮಾಣ ವರದಿಗಿಂತ ಹೆಚ್ಚು. ಬಿಸಿಲಿನಲ್ಲಿ ಇದು ಬೇಗ ಆಗುತ್ತದೆ. ಆದ್ದರಿಂದ ಎರಡು ತಾಸಿಗೊಮ್ಮೆ ನಳಿಕೆ ಬದಲಿಸಲಾಯಿತು. ಹೋಲಿಕೆಗೆಂದು, ತೆರೆದು ಮುಚ್ಚಿದ, ಗಾಳಿ ಹಾಯಿಸದ ನಳಿಕೆ ಮತ್ತು ಫಿಲ್ಟರ್‌ಗಳೂ ಪ್ರಯೋಗಾಲಯಕ್ಕೆ ಜೊತೆಯಲ್ಲೇ ಹೋದವು.

ಪುಣೆಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವಿದೆ. ಪ್ರಯೋಗಾಲಯ ಕೊಡುವುದು ಮಿಲಿಗ್ರಾಂ ಲೆಕ್ಕ. ಅದನ್ನು ಪಿಪಿಎಂಗೆ ತಿರುಗಿಸಲು 24.45 ಎಂಬ ಸಂಖ್ಯೆಯನ್ನು ಬಳಸುವುದು ರೂಢಿ. ಅದು 25 ಡಿಗ್ರಿ ಉಷ್ಣತೆ ಮತ್ತು ಸಮುದ್ರಮಟ್ಟದ ಒತ್ತಡಕ್ಕೆ ಹೊಂದುವ ಸಂಖ್ಯೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಅಳತೆಯ ದಿನ ಶೆಡ್‌ನೊಳಗೆ 38 ಡಿಗ್ರಿ ಇತ್ತು. ಆ ಸ್ಥಿತಿಗೆ ಸರಿಯಾದ ಸಂಖ್ಯೆ 27ರ ಆಚೀಚೆ. ಇದನ್ನು ಬಿಟ್ಟರೆ ಶೇ 10ಕ್ಕೂ ಮಿಕ್ಕಿದ ಪ್ರಮಾಣ ಕಾಗದದ ಮೇಲೆಯೇ ಕಳೆದುಹೋಗುತ್ತದೆ, ಮತ್ತು ಕಳೆಯುವುದು ಯಾವಾಗಲೂ ಮಾಲೀಕನಿಗೆ ಅನುಕೂಲವಾಗುವ ಕಡೆಗೆ.

ಹಿರಿಯ ಪೇಂಟರ್‌ನ ದಿನವನ್ನು ಕೆಲಸದ ಪ್ರಕಾರ ತುಂಡು ಮಾಡಲಾಯಿತು. ಒರೆಸುವುದು ಮತ್ತು ಬಣ್ಣ ಕಲಸುವುದು ಮೂರು ತಾಸು: ಟಾಲ್ವಿನ್ 48 ಪಿಪಿಎಂ, ಕ್ಸೈಲೀನ್ 20. ಸ್ಪ್ರೇ ಐದು ತಾಸು: ಟಾಲ್ವಿನ್ 62, ಕ್ಸೈಲೀನ್ 55. ಗನ್ ತೊಳೆಯುವುದು ಅರ್ಧ ತಾಸು: ಟಾಲ್ವಿನ್ 230, ಕ್ಸೈಲೀನ್ 60. ತಿಕ್ಕುವುದು, ಗುಡಿಸುವುದು, ಸಾಮಾನು ಏರಿಸುವುದು, ಊಟ ಸೇರಿ ಉಳಿದ ಮೂರೂವರೆ ತಾಸು: ಟಾಲ್ವಿನ್ 12, ಕ್ಸೈಲೀನ್ 8. ಪ್ರತಿ ತುಂಡಿನ ಪ್ರಮಾಣವನ್ನು ತಾಸಿನಿಂದ ಗುಣಿಸಿ ಕೂಡಿಸಿದರೆ ಟಾಲ್ವಿನ್‌ಗೆ 611, ಕ್ಸೈಲೀನ್‌ಗೆ 393 ಬರುತ್ತದೆ. ಎಂಟರಿಂದ ಭಾಗಿಸಿದರೆ ಎಂಟು ತಾಸಿಗೆ ಸಮನಾದ ಒಡ್ಡಿಕೆ ಟಾಲ್ವಿನ್ 76, ಕ್ಸೈಲೀನ್ 49 ಪಿಪಿಎಂ.

ಎರಡೂ 100ಕ್ಕಿಂತ ಕಡಿಮೆ. ಹಳೆಯ ವರದಿಯ ಭಾಷೆಯಲ್ಲಿ ಈಗಲೂ ಎಲ್ಲವೂ ಮಿತಿಯೊಳಗೇ ಇದೆ. ಆದರೆ ಮನುಷ್ಯನಿಗೆ ಇರುವುದು ಒಂದೇ ಮಿದುಳು. ಟಾಲ್ವಿನ್ ಮತ್ತು ಕ್ಸೈಲೀನ್ ಎರಡೂ ಅದರ ಮೇಲೆ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತವೆ. ಹೀಗಿರುವಾಗ ಒಂದೊಂದರ ಪ್ರಮಾಣವನ್ನೂ ಅದರದರ ಮಿತಿಯಿಂದ ಭಾಗಿಸಿ, ಬಂದದ್ದನ್ನು ಕೂಡಿಸಿ, ಮೊತ್ತ ಒಂದನ್ನು ದಾಟಿದೆಯೇ ಎಂದು ನೋಡುವುದು ಔದ್ಯೋಗಿಕ ಆರೋಗ್ಯ ಕ್ಷೇತ್ರದ ಒಪ್ಪಿತ ಪದ್ಧತಿ. ಇಲ್ಲಿ 0.76 ಮತ್ತು 0.49 ಕೂಡಿ 1.25 ಆಗುತ್ತದೆ. ಪಾಳಿ ಹನ್ನೆರಡು ತಾಸಿನದು ಎಂಬುದನ್ನೂ ಗಮನಿಸಬೇಕು: ಒಡ್ಡಿಕೆಯ ಹೊತ್ತು ಹೆಚ್ಚಿದಂತೆ, ದೇಹ ಹಿಡಿದಿಟ್ಟದ್ದನ್ನು ಹೊರಹಾಕುವ ಹೊತ್ತು ಕಡಿಮೆಯಾಗುತ್ತದೆ. ಉದ್ದ ಪಾಳಿಗೆ ಮಿತಿ ತಗ್ಗಿಸಲು ಬಳಸುವ ಬ್ರೀಫ್ ಮತ್ತು ಸ್ಕಾಲಾ ಸೂತ್ರದ ಪ್ರಕಾರ ಹನ್ನೆರಡು ತಾಸಿನ ಪಾಳಿಗೆ ಮಿತಿಯೇ ಅರ್ಧಕ್ಕೆ, ಅಂದರೆ 50 ಪಿಪಿಎಂಗೆ ಇಳಿಯುತ್ತದೆ. ಹನ್ನೆರಡು ತಾಸಿನ ಸರಾಸರಿಗಳಾದ 51 ಮತ್ತು 33ನ್ನು ಅದಕ್ಕೆ ಹೋಲಿಸಿದರೆ ಮೊತ್ತ 1.67ರ ಹತ್ತಿರ ಹೋಗುತ್ತದೆ.

ಗನ್ ತೊಳೆಯುವ ಅರ್ಧ ತಾಸನ್ನು ಬೇರೆಯಾಗಿಯೇ ನೋಡಬೇಕು. ಟಾಲ್ವಿನ್‌ಗೆ 15 ಮಿನಿಟಿನ ಅಲ್ಪಾವಧಿ ಮಿತಿ 150 ಪಿಪಿಎಂ. ಅರ್ಧ ತಾಸಿನ ಸರಾಸರಿಯೇ 230 ಇದ್ದರೆ, ಅದರೊಳಗಿನ ಯಾವುದೋ ಒಂದು 15 ಮಿನಿಟಾದರೂ 230 ಅಥವಾ ಅದಕ್ಕಿಂತ ಹೆಚ್ಚು ಇರಲೇಬೇಕು. ಆ ಹೊತ್ತಿನಲ್ಲಿ ಪೇಂಟರ್ ಮಾಡುವುದೇನೆಂದರೆ, ಡಬ್ಬಿಯಲ್ಲಿ ಥಿನ್ನರ್ ಸುರಿದು, ಕುಕ್ಕರಗಾಲಲ್ಲಿ ಕುಳಿತು, ಗನ್ನಿನ ಸೂಜಿ ಮತ್ತು ನಾಜಲ್ ಅದರಲ್ಲಿ ಅದ್ದಿ ಉಜ್ಜಿ, ಕೊನೆಗೆ ಅದೇ ಥಿನ್ನರ್‌ನಲ್ಲಿ ಮೊಣಕೈವರೆಗೆ ಕೈ ತೊಳೆದುಕೊಳ್ಳುವುದು. ಚರ್ಮದ ಮೂಲಕ ಒಳಹೋಗುವುದನ್ನು ಕಾಲರಿನ ನಳಿಕೆ ಹಿಡಿಯಲಾರದು. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ, ಧೂಳು ತಡೆಯುವ ಎನ್-95 ಮಾಸ್ಕ್ ಆಗಲಿ ಆವಿಯನ್ನು ತಡೆಯುವುದಿಲ್ಲ; ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಥಿನ್ನರ್‌ನ ಡಬ್ಬಿಯ ಮೇಲೆ ಒಳಗೇನಿದೆ ಎಂಬ ವಿವರ ಇರಲಿಲ್ಲ. ಅಗ್ಗದ ಥಿನ್ನರ್‌ನಲ್ಲಿ ಬೆಂಜೀನ್ ಅಥವಾ ಹೆಕ್ಸೇನ್ ಬೆರೆತಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು ರಕ್ತದ ಕ್ಯಾನ್ಸರಿಗೆ, ಎರಡನೆಯದು ಕೈಕಾಲಿನ ನರಗಳ ಹಾನಿಗೆ ಕಾರಣವಾಗಬಲ್ಲದು. ಆದ್ದರಿಂದ ಥಿನ್ನರ್‌ನ ಮಾದರಿಯನ್ನೂ ನೇರವಾಗಿ ಪರೀಕ್ಷಿಸಲಾಯಿತು. ಇಲ್ಲಿ ಎರಡೂ ಸಿಗಲಿಲ್ಲ.

ಹಳದಿ ಬಣ್ಣ

ಹೊಟ್ಟೆನೋವು, ಮಲಬದ್ಧತೆ, ಮುಂಗೈಯ ದೌರ್ಬಲ್ಯ ಈ ಮೂರನ್ನೂ ದ್ರಾವಕದ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಅವು ಸೀಸದ ಗುರುತುಗಳು. ಯಂತ್ರಗಳಿಗೆ ಹೊಡೆಯುವ ಕಡು ಹಳದಿಯಲ್ಲಿ ಸೀಸದ ಕ್ರೋಮೇಟ್ ಬಹಳ ಕಾಲದಿಂದ ಬಳಕೆಯಲ್ಲಿದೆ. ಬಿಸಿಲಿಗೆ ಮಾಸದೆ, ಒಂದೇ ಕೋಟಿನಲ್ಲಿ ಕೆಳಗಿನ ಬಣ್ಣವನ್ನು ಮುಚ್ಚುವ ಗುಣ ಅದಕ್ಕಿದೆ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಆದರೆ ಅದು ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗಷ್ಟೇ ಅನ್ವಯಿಸುತ್ತದೆ, ಕೈಗಾರಿಕಾ ಬಣ್ಣಕ್ಕಲ್ಲ. ಗೋಡೆ ನೋಡುವವನಿಗೆ ರಕ್ಷಣೆ ಸಿಕ್ಕಿತು, ಗನ್ ಹಿಡಿದವನಿಗೆ ಸಿಗಲಿಲ್ಲ. ಇದು ನನಗೆ ನ್ಯಾಯವೆಂದು ತೋರುವುದಿಲ್ಲ.

ಪೇಂಟರ್‌ನ ಕಾಲರಿನ ಫಿಲ್ಟರ್‌ನಲ್ಲಿ ಸ್ಪ್ರೇ ಮಾಡುವಾಗ ಘನಮೀಟರಿಗೆ 0.31 ಮಿಲಿಗ್ರಾಂ ಸೀಸ ಸಿಕ್ಕಿತು. ಒಣಗಿದ ಬಣ್ಣ ತಿಕ್ಕಿ, ಕಸಬರಿಗೆಯಿಂದ ಗುಡಿಸುವ ಒಂದೂವರೆ ತಾಸಿನಲ್ಲಿ 0.42. ಗುಡಿಸುವುದು ಸ್ಪ್ರೇಗಿಂತ ಕೆಟ್ಟದ್ದೆಂದು ಶೆಡ್‌ನಲ್ಲಿ ಯಾರೂ ಊಹಿಸಿರಲಿಲ್ಲ. ಉಳಿದ ಹೊತ್ತಿನ 0.03ನ್ನೂ ಸೇರಿಸಿದರೆ ಎಂಟು ತಾಸಿಗೆ ಸಮನಾದದ್ದು 0.29, ಅಂದರೆ ಅನುಸೂಚಿಯ 0.15ರ ಹೆಚ್ಚುಕಡಿಮೆ ಎರಡರಷ್ಟು. ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ಓಶಾ ಸಂಸ್ಥೆ 1978ರಲ್ಲೇ ಗೊತ್ತುಮಾಡಿದ 0.05ರ ಸುಮಾರು ಆರರಷ್ಟು.

ಆರು ವೇಲೆನ್ಸಿಯ ಕ್ರೋಮಿಯಂ ಘನಮೀಟರಿಗೆ 62 ಮೈಕ್ರೋಗ್ರಾಂ ಬಂತು. ಓಶಾದ 2006ರ ಮಿತಿ 5 ಮೈಕ್ರೋಗ್ರಾಂ, ಮತ್ತು ಈ ರೂಪದ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸ್ಥಾಪಿತ ಸತ್ಯ. ಈ ಅಂಕಿಗೆ ಇನ್ನೊಂದು ಉಪಯೋಗವೂ ಇತ್ತು. ಶುದ್ಧ ಸೀಸದ ಕ್ರೋಮೇಟ್‌ನಲ್ಲಿ ತೂಕದ ಪ್ರಕಾರ ಸೀಸ ಶೇ 64, ಕ್ರೋಮಿಯಂ ಶೇ 16, ಅಂದರೆ ನಾಲ್ಕಕ್ಕೆ ಒಂದು. ಮಾರುಕಟ್ಟೆಯ ಹಳದಿಯಲ್ಲಿ ಸೀಸದ ಸಲ್ಫೇಟೂ ಬೆರೆತಿರುವುದರಿಂದ ಸೀಸದ ಪಾಲು ತುಸು ಹೆಚ್ಚಿರುತ್ತದೆ. ಇಲ್ಲಿ ಬಂದ ಅನುಪಾತ 4.7. ಸೀಸ ಬರುತ್ತಿರುವುದು ಬೇರೆ ಯಾವುದರಿಂದಲೂ ಅಲ್ಲ, ಈ ಹಳದಿ ಬಣ್ಣದಿಂದಲೇ ಎಂಬುದು ಇದರಿಂದ ದೃಢಪಟ್ಟಿತು.

ಅಟ್ಟ

ಕಾಲರಿನ ಅಳತೆ ರಾತ್ರಿ ಎಂಟಕ್ಕೆ ಮುಗಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಕರಣದ ಅರ್ಧ ಭಾಗ ಕಾಣದೇ ಹೋಗುತ್ತಿತ್ತು. ಪಾಳಿ ಮುಗಿಸಿದ ನಾಲ್ವರು ಏಣಿ ಹತ್ತಿ ಅಟ್ಟಕ್ಕೆ ಹೋಗುತ್ತಿದ್ದರು, ಅದೇ ಹೊತ್ತಿಗೆ ಕೆಳಗೆ ತೂಗುಹಾಕಿದ ಹಸಿ ಬಣ್ಣದಿಂದ ಆವಿ ಏಳುತ್ತಿತ್ತು.

ಮಲಗುವ ಜಾಗದಲ್ಲಿ ಪಂಪಿಲ್ಲದ ಬ್ಯಾಡ್ಜ್ ಮಾದರಿಗಳನ್ನು ಎಂಟು ತಾಸು ಇಡಲಾಯಿತು. ಟಾಲ್ವಿನ್ 9 ಪಿಪಿಎಂ, ಕ್ಸೈಲೀನ್ 11. ಕೆಲಸದ ಜಾಗದ ಮಿತಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ಹತ್ತನೇ ಒಂದು ಪಾಲು. ಆದರೆ ಆ ಮಿತಿಯನ್ನು ಕಟ್ಟಿರುವುದೇ, ಕೆಲಸಗಾರ ದಿನದ ಉಳಿದ ಹದಿನಾರು ತಾಸು ಒಳ್ಳೆಯ ಗಾಳಿಯಲ್ಲಿದ್ದು ಚೇತರಿಸಿಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ. ಅಟ್ಟದಲ್ಲಿ ಆ ಚೇತರಿಕೆಯೇ ಇಲ್ಲ. ಮನೆಯೊಳಗಿನ, ಊರಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2000ದಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಟಾಲ್ವಿನ್‌ಗೆ ವಾರದ ಸರಾಸರಿ ಘನಮೀಟರಿಗೆ 0.26 ಮಿಲಿಗ್ರಾಂ, ಅಟ್ಟದ ಪ್ರಮಾಣ 30 ಮಿಲಿಗ್ರಾಂಗೂ ಹೆಚ್ಚು, ನೂರು ಪಟ್ಟಿಗೂ ಮಿಕ್ಕಿ. ಸೀಸದ ವಿಷಯದಲ್ಲೂ ಹೀಗೆಯೇ. ಅಟ್ಟದ ಗಾಳಿಯಲ್ಲಿ 24 ತಾಸಿನ ಸರಾಸರಿ 3.6 ಮೈಕ್ರೋಗ್ರಾಂ ಇತ್ತು. ಕಾರ್ಖಾನೆಯ ಮಿತಿಯಾದ 150 ಮೈಕ್ರೋಗ್ರಾಂ ಮುಂದೆ ಅದು ಏನೂ ಅಲ್ಲ. ಭಾರತದ 2009ರ ಪರಿಸರ ಗಾಳಿಯ ಮಾನಕದಲ್ಲಿ 24 ತಾಸಿಗೆ ಇರುವ 1.0 ಮೈಕ್ರೋಗ್ರಾಂ ಮುಂದೆ ಮೂರೂವರೆ ಪಟ್ಟು. ಜನ ಉಣ್ಣುವ, ಮಲಗುವ ಜಾಗಕ್ಕೆ ಮನೆಯ ಮಾನಕವನ್ನೇ ಹಚ್ಚಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಅದು ಕಾರ್ಖಾನೆಯ ಸೂರಿನಡಿ ಇದ್ದರೂ ಸರಿಯೇ.

ಗಾಳಿಯ ಜೊತೆಗೆ ಮೇಲ್ಮೈಗಳನ್ನೂ ಒರೆಸಿ ನೋಡಲಾಯಿತು. 10 ಸೆಂಟಿಮೀಟರ್ ಚೌಕದ ಅಚ್ಚು ಇಟ್ಟು, ಒದ್ದೆ ವೈಪ್‌ನಿಂದ ಅಡ್ಡಡ್ಡ, ಉದ್ದುದ್ದ ಒರೆಸಿ, ಮಡಚಿ ಮತ್ತೊಮ್ಮೆ ಒರೆಸುವ ಕ್ರಮ ಇದು. ಹಾಸಿಗೆಯ ಪಕ್ಕದ ಪ್ಲೈವುಡ್ ಮೇಲೆ ನೂರು ಚದರ ಸೆಂಟಿಮೀಟರಿಗೆ 38 ಮೈಕ್ರೋಗ್ರಾಂ ಸೀಸ, ರೊಟ್ಟಿ ಡಬ್ಬಿಯ ಮುಚ್ಚಳದ ಮೇಲೆ 6. ಮನೆಯ ನೆಲಕ್ಕೆ ಅಮೆರಿಕದ ಪರಿಸರ ಸಂಸ್ಥೆ 2019ರಲ್ಲಿ ಹಾಕಿದ ಮಿತಿ ಚದರ ಅಡಿಗೆ 10 ಮೈಕ್ರೋಗ್ರಾಂ ಆಗಿತ್ತು. ನಮ್ಮ ಚೌಕದ ಲೆಕ್ಕಕ್ಕೆ ಅದು ಒಂದು ಮೈಕ್ರೋಗ್ರಾಂನಷ್ಟು.

ಹಿರಿಯ ಪೇಂಟರ್‌ನ ಎಡಗೈಯನ್ನೂ ಊಟಕ್ಕೆ ಮೊದಲು ಒರೆಸಿ ನೋಡಲಾಯಿತು. ಅವನು ಥಿನ್ನರ್‌ನಿಂದ ಕೈ ತೊಳೆದು, ಬಟ್ಟೆಗೆ ಒರೆಸಿ, ಅಂಗಿಯ ಜೇಬಿನಿಂದ ತಂಬಾಕಿನ ಚೀಟಿಯನ್ನೂ ಸುಣ್ಣದ ಡಬ್ಬಿಯನ್ನೂ ತೆಗೆದು, ಅಂಗೈಯಲ್ಲಿ ಹೆಬ್ಬೆರಳಿನಿಂದ ತಿಕ್ಕಿ, ಚಟಪಟ ಬಡಿದು, ಕೆಳತುಟಿಯ ಒಳಗಿಟ್ಟುಕೊಂಡ. ಹೆಬ್ಬೆರಳಿನ ಉಗುರಿನ ಬುಡದಲ್ಲೂ ಅಂಗೈಯ ಗೆರೆಗಳಲ್ಲೂ ಹಳದಿ ಹಾಗೇ ಉಳಿದಿತ್ತು. ಥಿನ್ನರ್ ಬಣ್ಣದ ಅಂಟನ್ನು ಕರಗಿಸುತ್ತದೆ, ಆದರೆ ಅದರೊಳಗಿನ ಪುಡಿ ಚರ್ಮದ ಸಂದಿಗಳಲ್ಲಿ ಹರಡಿ ಉಳಿಯುತ್ತದೆ. ಉಸಿರಿನಿಂದ ಹೋದದ್ದಕ್ಕೆ ಬಾಯಿಯಿಂದ ಹೋದದ್ದೂ ಹೀಗೆ ಸೇರುತ್ತಿತ್ತು.

ರಕ್ತ ಮತ್ತು ಮೂತ್ರ

ರಕ್ತದ ಸೀಸಕ್ಕೆ ಬೆರಳು ಚುಚ್ಚಿ ತೆಗೆದ ಹನಿ ನಂಬಲರ್ಹವಲ್ಲ. ಬೆರಳ ಮೇಲಿನ ಸೀಸವೇ ಅದರಲ್ಲಿ ಬೆರೆಯುತ್ತದೆ. ಮುಂಗೈಯನ್ನು ಸಾಬೂನಿನಿಂದ ತೊಳೆದು ರಕ್ತನಾಳದಿಂದಲೇ, ಲೋಹಾಂಶವಿಲ್ಲದ ನಳಿಕೆಯಲ್ಲಿ ತೆಗೆಯಬೇಕು. ಹಿರಿಯ ಪೇಂಟರ್‌ಗೆ ಡೆಸಿಲೀಟರಿಗೆ 46 ಮೈಕ್ರೋಗ್ರಾಂ. ಅವನಷ್ಟೇ ಸ್ಪ್ರೇ ಮಾಡುವ, ಆದರೆ ಹತ್ತಿರದ ಮೋಶಿಯಲ್ಲಿ ಬಾಡಿಗೆ ಕೋಣೆಯಲ್ಲಿರುವ ಎರಡನೇ ಪೇಂಟರ್‌ಗೆ 33. ಗನ್ನನ್ನೇ ಮುಟ್ಟದ, ಪ್ಯಾಕಿಂಗ್ ಮಾತ್ರ ಮಾಡುವ, ಆದರೆ ಅಟ್ಟದಲ್ಲಿ ಮಲಗುವ ಹುಡುಗನಿಗೆ 29. ಹೊರಗಿನಿಂದ ಬಂದು ಹೋಗುವ ಸೂಪರ್‌ವೈಸರ್‌ಗೆ 11. ಕೆಲಸದ ಹೆಸರಿನಿಂದ ಒಡ್ಡಿಕೆಯನ್ನು ಊಹಿಸಿದ್ದರೆ ಪ್ಯಾಕಿಂಗ್ ಹುಡುಗನ ರಕ್ತವನ್ನು ಯಾರೂ ತೆಗೆಯುತ್ತಲೇ ಇರಲಿಲ್ಲ. ಔದ್ಯೋಗಿಕ ಆರೋಗ್ಯ ತಜ್ಞರ ಸಂಘಟನೆಯಾದ ಅಮೆರಿಕದ ಎಸಿಜಿಐಎಚ್ ದುಡಿಯುವವರಿಗೆ ಸೂಚಿಸುವ ಮಟ್ಟ 20.

ಬೇಸಿಗೆ ರಜೆಗೆಂದು ಊರಿನಿಂದ ಬಂದು ಅಟ್ಟದಲ್ಲೇ ಇದ್ದ ಒಬ್ಬ ಕೆಲಸಗಾರನ ಆರು ವರ್ಷದ ಮಗುವಿನ ರಕ್ತದಲ್ಲಿ 14 ಮೈಕ್ರೋಗ್ರಾಂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ ಪ್ರಕಾರ 5 ಮುಟ್ಟಿದರೇ ಮೂಲವನ್ನು ಹುಡುಕಿ ತಡೆಯಬೇಕು; ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿ ಅದೇ ವರ್ಷ ಮಕ್ಕಳ ಆಧಾರಮಟ್ಟವನ್ನು 3.5ಕ್ಕೆ ಇಳಿಸಿತು. ಮಕ್ಕಳಿಗೆ ಸುರಕ್ಷಿತವೆನ್ನಬಹುದಾದ ಸೀಸದ ಮಟ್ಟ ಯಾವುದೂ ಗೊತ್ತಿಲ್ಲ. ತಾಯಿಯನ್ನೂ ಮಗುವನ್ನೂ ಅಂದೇ ಅಟ್ಟದಿಂದ ಇಳಿಸಿ ಬಂಧುಗಳ ಮನೆಗೆ ಕಳಿಸಲಾಯಿತು. ಊರಿನಿಂದ ತಂದ ಅರಿಶಿನಪುಡಿಯನ್ನೂ ಪರೀಕ್ಷೆಗೆ ಕಳಿಸಬೇಕಾಯಿತು, ಯಾಕೆಂದರೆ ಬಣ್ಣ ಏರಿಸಲು ಇದೇ ಸೀಸದ ಕ್ರೋಮೇಟನ್ನು ಅರಿಶಿನಕ್ಕೆ ಬೆರೆಸುವ ಕೆಟ್ಟ ಚಾಳಿ ಇದೆ. ಅದರಲ್ಲಿ ಸೀಸ ಸಿಗಲಿಲ್ಲ.

ದ್ರಾವಕಕ್ಕೆ ಮೂತ್ರ ಪರೀಕ್ಷೆ. ಹಿಂದೊಮ್ಮೆ ಇವರಿಗೆ, ಟಾಲ್ವಿನ್ ದೇಹದಲ್ಲಿ ಮಾರ್ಪಟ್ಟು ಆಗುವ ಹಿಪ್ಪ್ಯೂರಿಕ್ ಆಮ್ಲದ ಪರೀಕ್ಷೆ ಮಾಡಿಸಿದ್ದರು. ಸೂಪರ್‌ವೈಸರ್ ಸೇರಿ ಎಲ್ಲರಿಗೂ ಹೆಚ್ಚು ಬಂದಿತ್ತು. ಬಾಟಲಿಯ ತಂಪು ಪಾನೀಯ, ಅಂಗಡಿಯ ಉಪ್ಪಿನಕಾಯಿ, ಸಾಸ್‌ಗಳಲ್ಲಿರುವ ಸೋಡಿಯಂ ಬೆಂಜೋಯೇಟ್ ಕೂಡ ದೇಹದಲ್ಲಿ ಹಿಪ್ಪ್ಯೂರಿಕ್ ಆಮ್ಲವೇ ಆಗುತ್ತದೆ, ಹಾಗಾಗಿ ಮಧ್ಯಮ ಪ್ರಮಾಣದ ಟಾಲ್ವಿನ್ ಒಡ್ಡಿಕೆಯನ್ನು ಅದರಿಂದ ಬೇರ್ಪಡಿಸಲಾಗದು. ಈ ಸಲ ಪಾಳಿಯ ಕೊನೆಯ ಮೂತ್ರದಲ್ಲಿ, ಟಾಲ್ವಿನ್‌ಗಾಗಿ, ಆರ್ಥೋ-ಕ್ರೆಸಾಲ್ ಮತ್ತು, ಕ್ಸೈಲೀನ್‌ಗಾಗಿ, ಮೀಥೈಲ್ ಹಿಪ್ಪ್ಯೂರಿಕ್ ಆಮ್ಲವನ್ನು ನೋಡಲಾಯಿತು. ಎರಡನ್ನೂ ಮೂತ್ರದಲ್ಲಿ ಸದಾ ಇರುವ ಕ್ರಿಯಾಟಿನಿನ್‌ಗೆ ಹೋಲಿಸಿ ಓದಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದವನಿಗೂ ಹೆಚ್ಚು ಕುಡಿದವನಿಗೂ ಹೋಲಿಕೆಯೇ ಸಾಧ್ಯವಿಲ್ಲ. ಅಟ್ಟದಲ್ಲಿ ಮಲಗುವವರ ಮೂತ್ರದಲ್ಲಿ ಶುಕ್ರವಾರ ಬೆಳಿಗ್ಗೆ, ಒಂದು ದಿನದ ರಜೆಯ ನಂತರವೂ, ಮೀಥೈಲ್ ಹಿಪ್ಪ್ಯೂರಿಕ್ ಆಮ್ಲ ಉಳಿದಿತ್ತು. ಕೋಣೆಯಲ್ಲಿರುವವರಲ್ಲಿ ಬಹುತೇಕ ಇಲ್ಲವಾಗಿತ್ತು. ಗುರುವಾರದ ತಲೆನೋವಿಗೆ ಕಾರಣ ಇದರಿಂದ ತಿಳಿಯಿತು.

ಮಾಡಿದ್ದು, ಉಳಿದದ್ದು

ಒಂಬತ್ತು ಜನರ ಶೆಡ್ ಆದ್ದರಿಂದ ಕಾರ್ಖಾನೆ ಕಾಯ್ದೆಯ ನೋಂದಣಿ ಇರಲಿಲ್ಲ; ವಿದ್ಯುತ್ ಬಳಸುವ ಕಡೆ ಮೂಲ ಕಾಯ್ದೆ ಕೇಳುತ್ತಿದ್ದದ್ದೇ ಹತ್ತು ಜನರನ್ನು. ಅದೇ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿ ಸೀಸದ ವಿಷದಿಂದಲೇ ಆರಂಭವಾಗುತ್ತಿತ್ತು, ಆದರೆ ಆ ಬಾಗಿಲು ಇವರಿಗೆ ತೆರೆಯಲಿಲ್ಲ. ಒತ್ತಡ ತರಲು ಇದ್ದ ದಾರಿ ಒಂದೇ: ವರದಿ ಕೇಳುವ ದೊಡ್ಡ ಕಂಪನಿಯ ಮುಂದೆ ಎರಡೂ ಅಳತೆಗಳನ್ನು ಅಕ್ಕಪಕ್ಕ ಇಡುವುದು.

ಮೊದಲು ಅಟ್ಟ ಖಾಲಿಯಾಯಿತು. ಮಾಲೀಕ ಅರ್ಧ ಬಾಡಿಗೆ ಕೊಟ್ಟು ಕೋಣೆ ಹಿಡಿದುಕೊಟ್ಟ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಒಡ್ಡಿಕೆ ತಗ್ಗಿಸುವ ಬೇರೆ ಕ್ರಮ ಈ ಶೆಡ್‌ನಲ್ಲಿ ಇರಲಿಲ್ಲ. ಬಣ್ಣ ಬದಲಿಸುವುದಕ್ಕೆ ತಡವಾಯಿತು, ಯಾಕೆಂದರೆ ಹಳದಿಯ ಛಾಯೆ ಕಂಪನಿಯ ನಕ್ಷೆಯಲ್ಲೇ ಬರೆದಿರುತ್ತದೆ. ಸೀಸವಿಲ್ಲದ ಹಳದಿಗೆ ಒಪ್ಪಿಗೆ ಕೊಡಬೇಕಾದದ್ದು ಅವರೇ. ಕೊನೆಗೆ ಕೊಟ್ಟರು. ಗನ್ ತೊಳೆಯಲು ಮುಚ್ಚಳವಿರುವ ಪೆಟ್ಟಿಗೆ ಬಂತು, ಫ್ಯಾನು ಬೆನ್ನಿನಿಂದ ಪಕ್ಕಕ್ಕೆ ಸರಿಯಿತು, ಮೂಲೆಗೆ ಹೊರದೂಡುವ ಫ್ಯಾನು ಕೂತಿತು, ಒಣ ಕಸಬರಿಗೆಯ ಬದಲು ಒದ್ದೆ ಒರೆಸುವಿಕೆ ಶುರುವಾಯಿತು. ಊಟಕ್ಕೆ ಮುಂಚೆ ಸಾಬೂನು, ನೀರು. ತಂಬಾಕು ಬಿಡಿಸಲು ಆಗಲಿಲ್ಲ. ಕೈ ತೊಳೆದ ಮೇಲೆ ತಿಕ್ಕಿಕೊಳ್ಳುವುದಕ್ಕೆ ಅವನು ಒಪ್ಪಿದ.

ಹಿರಿಯ ಪೇಂಟರ್‌ಗೆ ಸೀಸ ತೆಗೆಯುವ ಔಷಧ ಕೊಡಿಸಬೇಕೇ ಎಂದು ಮನೆಯವರು ಕೇಳಿದರು. ಒಡ್ಡಿಕೆ ನಿಲ್ಲದೆ ಆ ಔಷಧ ಕೊಡುವುದು ಸರಿಯಲ್ಲ ಎಂದು ಔದ್ಯೋಗಿಕ ಆರೋಗ್ಯದ ವೈದ್ಯರು ಅವನನ್ನು ಮೊದಲು ಸ್ಪ್ರೇಯಿಂದ ಬಿಡಿಸಿ ಲೋಡಿಂಗ್‌ಗೆ ಹಾಕಿಸಿದರು, ಸಂಬಳ ಕಡಿಮೆಯಾಗದಂತೆ. ಮೂರು ತಿಂಗಳ ನಂತರ 46 ಇದ್ದದ್ದು 36 ಆಯಿತು, ಪ್ಯಾಕಿಂಗ್ ಹುಡುಗನ 29 ಇದ್ದದ್ದು 17ಕ್ಕೆ ಇಳಿಯಿತು. ರಕ್ತದಲ್ಲಿ ಸೀಸದ ಅರ್ಧಾಯುಷ್ಯ ಸುಮಾರು ಒಂದು ತಿಂಗಳು, ಹಾಗಿದ್ದೂ ಹಿರಿಯವನ ಇಳಿತ ನಿಧಾನ. ದೊಡ್ಡವರ ದೇಹದಲ್ಲಿರುವ ಸೀಸದ ಶೇ 90ಕ್ಕೂ ಹೆಚ್ಚು ಪಾಲು ಮೂಳೆಯಲ್ಲಿರುತ್ತದೆ, ಅಲ್ಲಿಂದ ಅದು ದಶಕಗಟ್ಟಲೆ ರಕ್ತಕ್ಕೆ ಜಿನುಗುತ್ತಲೇ ಇರುತ್ತದೆ. ಇದನ್ನು ಅವನಿಗೆ ಬಿಡಿಸಿ ಹೇಳಬೇಕಾಯಿತು, ಇಲ್ಲದಿದ್ದರೆ ಮುಂದಿನ ವರದಿ ನೋಡಿ ಅವನು ಎದೆಗುಂದುತ್ತಿದ್ದ.

ಗಾಳಿಯ ಸೀಸ ಹೊಸ ಬಣ್ಣದ ನಂತರ 0.01ಕ್ಕಿಂತ ಕೆಳಗಿಳಿದಿದೆ. ದ್ರಾವಕದ ಮಟ್ಟಿಗೆ ಪ್ರಕರಣ ಮುಗಿದಿಲ್ಲ. ಸ್ಪ್ರೇ ಮಾಡುವವರ ಎಂಟು ತಾಸಿಗೆ ಸಮನಾದ ಒಡ್ಡಿಕೆ ಈಗ ಟಾಲ್ವಿನ್ 38, ಕ್ಸೈಲೀನ್ 30. ಅನುಸೂಚಿಯ ಮಿತಿಯಲ್ಲಿ ಮೊತ್ತ 0.68, ಹನ್ನೆರಡು ತಾಸಿನ ಪಾಳಿಗೆ ಹೊಂದಿಸಿದರೆ 0.91. ಒಂದರೊಳಗೆ ಇದೆ, ಆದರೆ ಎಸಿಜಿಐಎಚ್ ಟಾಲ್ವಿನ್‌ನ ಮಟ್ಟವನ್ನು 2007ರಲ್ಲೇ 20 ಪಿಪಿಎಂಗೆ ಇಳಿಸಿದೆ, ಕ್ಸೈಲೀನ್‌ಗೂ ಈಗ 20 ಎನ್ನುತ್ತದೆ; ಆ ಲೆಕ್ಕದಲ್ಲಿ, ಪಾಳಿಯ ಉದ್ದಕ್ಕೆ ಏನೂ ಕಡಿತ ಮಾಡದಿದ್ದರೂ, ಮೊತ್ತ ಮೂರನ್ನು ದಾಟುತ್ತದೆ. ಪಾಳಿಯನ್ನು ಎಂಟು ತಾಸಿಗೆ ತರುವ ಮಾತಿಗೆ ಮಾಲೀಕನೂ ಒಪ್ಪಿಲ್ಲ, ಓವರ್‌ಟೈಮ್ ಹೋಗುವುದೆಂದು ಕೆಲಸಗಾರರೂ ಒಪ್ಪಿಲ್ಲ. ಈ ಎರಡೂ ಅಳತೆಗಳನ್ನು ಶಟರ್ ಪೂರ್ತಿ ಎತ್ತಿರುವ ತಿಂಗಳುಗಳಲ್ಲಿ ಮಾಡಿದ್ದೇವೆ. ಡಿಸೆಂಬರ್‌ನಲ್ಲಿ ಪುಣೆಯ ಚಳಿಗೆ ಶಟರ್ ಅರ್ಧಕ್ಕೆ ಇಳಿಯುತ್ತದೆ, ಬಣ್ಣ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆಗ ಇದೇ ಪೇಂಟರ್‌ಗಳ ಕಾಲರಿಗೆ ಮತ್ತೊಮ್ಮೆ ನಳಿಕೆ ಸಿಕ್ಕಿಸಿ, ಗನ್ ತೊಳೆಯುವ ಅರ್ಧ ತಾಸನ್ನು ಎರಡು ಬೇರೆ ಬೇರೆ 15 ಮಿನಿಟುಗಳಾಗಿ ಅಳೆಯುವುದೆಂದು ನಿಗದಿಯಾಗಿದೆ.